ಎತ್ತಿಗಾದರೂ ಒಂದು ಸೋಮವಾರ ಇದೆ

ಆಷಾಢ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ ಈ ಉಪದೇಶ. ಪತ್ರಿಕೆಯ ಮಹಿಳಾ ಪುಟದಲ್ಲಿ, ಮೊಬೈಲಿನ ರೀಲ್‌ಗಳಲ್ಲಿ, ಶ್ರಾವಣದ ಪ್ರವಚನದಲ್ಲಿ, ಕೊನೆಗೆ ಸೀರೆ ಅಂಗಡಿಯ ಜಾಹೀರಾತಿನಲ್ಲೂ ಒಂದೇ ಮಾತು: ಹಬ್ಬದ ಗಡಿಬಿಡಿಯಲ್ಲಿ ನಿಮ್ಮನ್ನು ನೀವು ಮರೆಯಬೇಡಿ, ಸಣ್ಣ ಸಣ್ಣ ಸಂಗತಿಗಳಲ್ಲಿ ಖುಷಿ ಹುಡುಕಿಕೊಳ್ಳಿ. ನಸುಕಿನ ಚಹಾದ ಹಬೆ ನೋಡಿ. ಉಂಡಿ ಕಟ್ಟುವಾಗ ಏಲಕ್ಕಿಯ ಘಮ ಸವಿಯಿರಿ. ರಂಗೋಲಿ ಎಳೆಯುತ್ತ ಮನಸ್ಸು ಹಗುರ ಮಾಡಿಕೊಳ್ಳಿ. ಕೇಳಲಿಕ್ಕೆ ಎಷ್ಟು ಹಿತ! ಯಾರಿಗೂ ನೋವಿಲ್ಲ, ಯಾರ ಕಿಸೆಗೂ ಕತ್ತರಿಯಿಲ್ಲ. ಇದರ ವಿರುದ್ಧ ಬಾಯಿ ತೆರೆದವರೇ ಹಬ್ಬದ ಮನೆಯ ಅಪಶಕುನ.

ಆ ಅಪಶಕುನದ ಕೆಲಸ ನಾನು ಮಾಡುತ್ತೇನೆ. ಹಬ್ಬದ ತಿಂಗಳಲ್ಲಿ ಸಣ್ಣ ಖುಷಿ ಹುಡುಕಿಕೊಳ್ಳಿ ಅನ್ನುವ ಈ ಮಾತು, ದುಡಿಯುವವಳ ಬಾಯಿ ಮುಚ್ಚಿಸಲು ಕಂಡುಕೊಂಡ ಅತಿ ಅಗ್ಗದ ಉಪಾಯ. ಕೆಲಸ ಹಂಚಿಕೊಳ್ಳುವುದಕ್ಕಿಂತ ಉಪದೇಶ ಹಂಚುವುದು ಸುಲಭ. ನಾವೋ, ತಲೆಯಾಡಿಸಿ ಒಪ್ಪಿಕೊಂಡದ್ದಷ್ಟೇ ಸಾಲದೆಂದು, ಹಂಚಲು ಬಂದವರಿಗೆ ಚಹಾ ಮಾಡಿಕೊಟ್ಟು ಕಳಿಸುತ್ತಿದ್ದೇವೆ.

ಇದನ್ನು ಯಾರಿಗೆ ಹೇಳುತ್ತಾರೆ, ಮೊದಲು ಅದನ್ನು ನೋಡಿ. ಚಹಾದ ಹಬೆ, ಉಂಡಿಯ ಘಮ, ರಂಗೋಲಿಯ ಗೆರೆ: ಈ ಖುಷಿಗಳೆಲ್ಲ ಒಲೆಯಿಂದ ಹೊಸ್ತಿಲಿನವರೆಗೇ ಸಿಗಬೇಕು, ಹೊಸ್ತಿಲಾಚೆ ಒಂದೂ ಇಲ್ಲ. ನಾಗರ ಪಂಚಮಿಯ ದಿನ ನಮ್ಮ ಕಡೆ ಗಂಡಸರು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಾರೆ. ಇಂತಿಷ್ಟು ಎಸೆತದಲ್ಲಿ ಇಂಥ ಊರು ಮುಟ್ಟಬೇಕು ಅಂತ ಬಾಜಿ. ಹಿಂದೆ ಒಂದು ಹಿಂಡು ಹುಡುಗರು, ಕೇಕೆ, ಸಿಳ್ಳೆ, ಸೋತರೆ ಸಣ್ಣದೊಂದು ಜಗಳ, ಸಂಜೆಗೆ ಕಟ್ಟೆಯ ಮೇಲೆ ಇಸ್ಪೀಟು. ಆ ನಿಂಬೆಹಣ್ಣಿನ ಬಣ್ಣ ಸವಿಯುತ್ತ ಮನಸ್ಸು ಹಗುರ ಮಾಡಿಕೊಳ್ಳಿರಪ್ಪಾ ಅಂತ ಅವರಿಗೆ ಯಾರಾದರೂ ಹೇಳಿದ್ದುಂಟೇ? ಅವರ ಖುಷಿ ದೊಡ್ಡದು, ರಸ್ತೆಯ ತುಂಬ ಹರಡಿಕೊಂಡದ್ದು, ಯಾರೂ ಹುಡುಕಿಕೊಡಬೇಕಿಲ್ಲ. ಸಣ್ಣದು ಹೆಂಗಸಿನ ಪಾಲು ಮಾತ್ರ. ತೂಗಿ ಕೊಟ್ಟವರು ಯಾರು?

ಈ ಉಪದೇಶಕರಲ್ಲಿ ಎಷ್ಟು ಜನ ಉಂಡಿ ಕಟ್ಟಿದ್ದಾರೆ ಅನ್ನುವುದು ನನ್ನ ಎರಡನೆಯ ಪ್ರಶ್ನೆ. ತಡಸ, ಶಿಗ್ಗಾವಿ, ಹಾನಗಲ್ ಸೀಮೆಯಲ್ಲಿ ಪಂಚಮಿ ಅಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ರವೆ ಉಂಡಿ, ಬೇಸನ್ ಉಂಡಿ, ಅಂಟಿನ ಉಂಡಿ, ಜೊತೆಗೆ ತಂಬಿಟ್ಟು, ಅಳ್ಳು. ನಾಲ್ಕು ತರಹವಾದರೂ ಇರದ ಮನೆ ಬಡವರ ಮನೆ ಅಂತ ಲೆಕ್ಕ. ಶೇಂಗಾ ಹುರಿಯಬೇಕು, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಿ ಮರದಲ್ಲಿ ಕೇರಬೇಕು, ಕುಟ್ಟಬೇಕು. ಬೆಲ್ಲದ ಆಣಕ್ಕೆ ಒಲೆಯ ಮುಂದೆ ನಿಂತೇ ಇರಬೇಕು. ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು ಬೆರಳಿಂದ ಒತ್ತಿ ನೋಡಬೇಕು: ಕರಗಿದರೆ ಇನ್ನೂ ಎಳೆಯದು, ಉಂಡೆಯಾದರೆ ಹದ, ಟಣ್ಣೆಂದರೆ ಕೆಟ್ಟಿತು. ಹದ ಬಂದ ಮೇಲೆ ಪುರುಸೊತ್ತಿಲ್ಲ. ಬಿಸಿ ಇದ್ದಾಗಲೇ ಕಟ್ಟಬೇಕು, ಆರಿದರೆ ಉದುರುತ್ತದೆ. ಅಂಗೈಗೆ ತುಪ್ಪ ಸವರಿಕೊಂಡು, ಸುಡುವ ಪಾಕವನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತ ಹೋದರೆ ಮೂವತ್ತನೆಯ ಉಂಡಿಯ ಹೊತ್ತಿಗೆ ಅಂಗೈ ಕೆಂಪಗಾಗಿ ಚುರುಗುಟ್ಟುತ್ತದೆ. ಏಲಕ್ಕಿಯ ಘಮ ಇರುತ್ತದೆ, ನಿಜ. ಪಕ್ಕದ ಕೋಣೆಯಲ್ಲಿ ಕೂತು ಟಿವಿ ನೋಡುವವರಿಗೆ ಅದು ಇನ್ನೂ ಚೆನ್ನಾಗಿ ಬರುತ್ತದೆ.

ಉಂಡಿಗೆ ಮೊದಲು ರೊಟ್ಟಿ. ಪಂಚಮಿಯಂದು ಬಹಳ ಮನೆಗಳಲ್ಲಿ ಒಲೆಗೆ ಹಂಚು ಇಡುವುದಿಲ್ಲ, ಹೊಲದಲ್ಲಿ ನೆಲ ಅಗೆಯುವುದಿಲ್ಲ. ನಾಗಪ್ಪನಿಗೆ ನೋವಾಗಬಾರದು. ಎಂಥ ಕರುಣೆಯ ಆಚಾರ! ಹಾವಿಗೆ ಬಿಸಿ ತಾಕಬಾರದೆಂದು ಒಂದು ದಿನ ಹಂಚು ಇಳಿಸುವ ನಾವು, ಆ ಒಂದು ದಿನದ ಊಟಕ್ಕಾಗಿ ಹಿಂದಿನ ದಿನ ರೊಟ್ಟಿ ಪಂಚಮಿ ಹೆಸರಿನಲ್ಲಿ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಖಡಕ್ ರೊಟ್ಟಿ ಅಂತ ಬುಟ್ಟಿಗಟ್ಟಲೆ ಬಡಿಯಿಸುತ್ತೇವೆ. ನಮ್ಮ ಮನೆಗಷ್ಟೇ ಸಾಲದು, ಓಣಿಗೆಲ್ಲ ಬೀರಬೇಕು. ಹಾವಿನ ಮೇಲಿರುವ ಕರುಣೆಯಲ್ಲಿ ಕಾಲು ಭಾಗ ರೊಟ್ಟಿ ಬಡಿಯುವ ಕೈಗಳ ಮೇಲೆ ಇದ್ದಿದ್ದರೆ ಸಣ್ಣ ಖುಷಿಯ ಪಾಠವೇ ಬೇಕಾಗುತ್ತಿರಲಿಲ್ಲ.

ಹಾವಿನ ಮಾತು ಬಿಡಿ, ಎತ್ತಿಗೆ ಬರೋಣ. ನಮ್ಮ ಸೀಮೆಯ ರೈತ ಸೋಮವಾರ ಎತ್ತು ಹೂಡುವುದಿಲ್ಲ. ಸೋಮವಾರ ಬಸವಣ್ಣನ ವಾರ. ಬಿತ್ತನೆ ಎಷ್ಟೇ ತುರ್ತಿರಲಿ, ಮಳೆ ಎಷ್ಟೇ ಹದವಾಗಿರಲಿ, ಎತ್ತಿನ ಹೆಗಲ ಮೇಲೆ ನೊಗ ಇಡಲು ಹಿರಿಯರು ಬಿಡುತ್ತಿರಲಿಲ್ಲ. ಈಗ ಟ್ರ್ಯಾಕ್ಟರ್ ಬಂದಿದೆ. ಆದರೂ ಎತ್ತು ಉಳಿಸಿಕೊಂಡವರು ಆ ನೇಮ ಮುರಿಯಲು ಹಿಂಜರಿಯುತ್ತಾರೆ. ಕಾರಹುಣ್ಣಿಮೆಗೆ ಅದೇ ಎತ್ತಿಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲೂ ಅದನ್ನೇ ಮಾಡಿ ಪೂಜಿಸುತ್ತೇವೆ. ತಪ್ಪೇನಿಲ್ಲ. ದುಡಿದವರಿಗೆ ವಾರಕ್ಕೊಂದು ದಿನ ಬಿಡುವು ಬೇಕು ಅನ್ನುವುದು ಇಲ್ಲಿಯ ರೈತನಿಗೆ ಗೊತ್ತಿತ್ತು. ಯಾವ ಕಾರ್ಮಿಕ ಕಾಯಿದೆಯೂ ಅವನಿಗೆ ಕಲಿಸಬೇಕಾಗಿರಲಿಲ್ಲ. ಎತ್ತಿನ ಮುಂದೆ ನಿಂತು ಯಾರೂ, ನೊಗದ ಭಾರದಲ್ಲೇ ಸಣ್ಣ ಖುಷಿ ಹುಡುಕಿಕೋ ಬಸವಾ ಅನ್ನಲಿಲ್ಲ. ನೊಗ ಇಳಿಸಿದರು.

ಅದೇ ಸೋಮವಾರ, ಅದೇ ಮನೆ, ಶ್ರಾವಣ ಮಾಸ. ನಸುಕಿನಲ್ಲೆದ್ದು ಮನೆ ಒರೆಸಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು, ಪೂಜೆಯ ತಾಮ್ರದ ಸಾಮಾನು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು, ಗುಡಿಗೆ ಎಡೆ ಕಟ್ಟಬೇಕು. ಒಪ್ಪತ್ತು ಇದ್ದವರಿಗೆ ಸಂಜೆಗೆ ಹೋಳಿಗೆ ಇಲ್ಲವೆ ಹುಗ್ಗಿ ಆಗಬೇಕು. ಒಪ್ಪತ್ತು ಇರದ ಮಕ್ಕಳಿಗೆ, ಮುದುಕರಿಗೆ ಮಧ್ಯಾಹ್ನದ ಅಡುಗೆ ಬೇರೆ. ಉಪವಾಸ ಇದ್ದವಳೇ ಎರಡು ಪಾಳಿ ಅಡುಗೆ ಮಾಡುತ್ತಾಳೆ. ಕೊಟ್ಟಿಗೆಯಲ್ಲಿ ಎತ್ತು ಮಲಗಿ ಮೆಲುಕು ಹಾಕುತ್ತಿರುತ್ತದೆ. ಸೋಮವಾರ ಅವಳನ್ನು ಶನಿವಾರಕ್ಕೆ, ಶನಿವಾರ ವರಮಹಾಲಕ್ಷ್ಮಿಗೆ, ಅಲ್ಲಿಂದ ನೂಲಹುಣ್ಣಿಮೆಗೆ ಕೈ ದಾಟಿಸುತ್ತದೆ. ತಿಂಗಳು ಮುಗಿದರೆ ಗಣಪ್ಪ ಬಾಗಿಲಲ್ಲಿ.

ಇಷ್ಟೂ ಮನೆಯಲ್ಲೇ ಇರುವವಳ ಕಥೆ. ಶ್ರಾವಣ ಕಳೆ ತೆಗೆಯುವ ಕಾಲವೂ ಹೌದು. ಹುಬ್ಬಳ್ಳಿಯಿಂದ ಬಂದ ಹೆದ್ದಾರಿಯಿಂದ ಒಂದು ದಾರಿ ಮುಂಡಗೋಡ, ಶಿರಸಿಗೆ ಕವಲೊಡೆಯುವ ತಡಸ ಕ್ರಾಸಿನಲ್ಲಿ ಬೆಳಿಗ್ಗೆ ನಿಂತು ನೋಡಿ. ಟಂಟಂ ತುಂಬ ಹೆಂಗಸರು, ತೊಡೆಯ ಮೇಲೆ ಬುತ್ತಿ ಗಂಟು, ಕೈಯಲ್ಲಿ ಕುರುಪಿ. ಗೋವಿನಜೋಳಕ್ಕೆ, ಸೋಯಾಕ್ಕೆ, ಹತ್ತಿಗೆ ಹೋಗುವವರು. ಹಬ್ಬದ ಮುನ್ನಾದಿನವೂ ಹೋಗುತ್ತಾರೆ, ಯಾಕೆಂದರೆ ಹಬ್ಬದ ಬೆಲ್ಲ, ಎಣ್ಣೆ, ಶೇಂಗಾ ಬರಬೇಕಾದ್ದು ಆ ಪಗಾರದಿಂದಲೇ. ಅಂಥ ಒಬ್ಬಾಕೆಗೆ ನಾನು ಈ ಸಣ್ಣ ಖುಷಿಯ ತತ್ವ ಹೇಳಿ, ನಿಮಗೇನನ್ನಿಸುತ್ತದೆ ಎಂದು ಕೇಳಿದೆ. ನಕ್ಕಳು. “ಖುಷಿ ಆಮ್ಯಾಲ ಹುಡುಕ್ತೀನ್ರೀ, ಮೊದಲ ಕುಂಡ್ರಾಕ ಒಂದ್ ತಾಸ ಹುಡುಕಿಕೊಡ್ರಿ” ಅಂದಳು. ಮಹಿಳಾ ಪುಟದವರು ಯಾರೂ ಇದನ್ನು ಶೀರ್ಷಿಕೆ ಮಾಡಲಾರರು.

ಆ ಒಂದು ತಾಸು ಎಲ್ಲಿ ಹೋಯಿತು? ಲೆಕ್ಕ ಸರ್ಕಾರದ ಬಳಿಯೇ ಇದೆ. 2019ರಲ್ಲಿ ಕೇಂದ್ರದ ಅಂಕಿಅಂಶ ಕಚೇರಿ ದೇಶದ ಜನ ದಿನದ ಹೊತ್ತು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಪಗಾರವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಈ 97 ಕೂಡ ಮನೆಗೆಲಸ ಮಾಡಿದ ಗಂಡಸರ ಸರಾಸರಿ. ನೂರಕ್ಕೆ 26 ಜನರಷ್ಟೇ ಅಂಥವರು. ಉಳಿದ 74 ಜನ ಈ ಸರಾಸರಿಗೆ ಬರುವುದೇ ಇಲ್ಲ, ಅವರು ಆಗ ಬಹುಶಃ ನಿಂಬೆಹಣ್ಣು ಎಸೆಯುತ್ತಿದ್ದರು. 2024ರಲ್ಲಿ ಮತ್ತೆ ಅಳೆದರು. ಹೆಂಗಸರದು 289ಕ್ಕೆ ಇಳಿದಿತ್ತು. ಹತ್ತು ನಿಮಿಷ ಉಳಿಯಿತಲ್ಲ ಎಂದು ಸಂತೋಷಪಡುವ ಮೊದಲು ಪಕ್ಕದ ಸಾಲು ನೋಡಿ: ಗಂಡಸರದು 88ಕ್ಕೆ ಇಳಿದಿತ್ತು. ಅವಳ ಹೊರೆ ಕಡಿಮೆಯಾದದ್ದು ಇವನು ಹೆಗಲು ಕೊಟ್ಟು ಅಲ್ಲ. ಮಿಕ್ಸರ್, ಗ್ಯಾಸು, ನಲ್ಲಿಯ ನೀರು ಕೊಟ್ಟಿರಬಹುದು. ಇನ್ನು ಇದು ವರ್ಷದ ಸರಾಸರಿ. ಶ್ರಾವಣವನ್ನಷ್ಟೇ ಅಳೆಯುವ ಧೈರ್ಯ ಯಾವ ಕಚೇರಿಯೂ ಮಾಡಿಲ್ಲ.

ಒಂದು ಧರ್ಮದ ಮನೆಗಳ ಮಾತು ಅಂದುಕೊಂಡು ಉಳಿದವರು ನೆಮ್ಮದಿಯಿಂದ ಇರುವ ಹಾಗಿಲ್ಲ. ಸವಣೂರಿನ, ಶಿಗ್ಗಾವಿಯ ಮುಸ್ಲಿಂ ಓಣಿಗಳಲ್ಲಿ ರಂಜಾನ್ ತಿಂಗಳ ಸಹರಿಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು, ರೋಜಾ ಹಿಡಿದುಕೊಂಡೇ ಸಂಜೆಯ ಎಣ್ಣೆ ಬಾಣಲೆಯ ಮುಂದೆ ನಿಲ್ಲುವವರು ಯಾರು ಎಂದು ಕೇಳಿಕೊಳ್ಳಲಿ. ಪಂಚಾಂಗ ಬೇರೆ ಬೇರೆ, ಒಲೆಯ ಮುಂದೆ ನಿಂತವಳು ಒಬ್ಬಳೇ.

ಈ ಹಂತದಲ್ಲಿ ಜನಪದದ ವಕೀಲರು ಎದ್ದು ನಿಲ್ಲುತ್ತಾರೆ. ನಮ್ಮ ಅಜ್ಜಿಯರು ಬೀಸುತ್ತ, ಕುಟ್ಟುತ್ತ ಹಾಡುತ್ತಿರಲಿಲ್ಲವೇ, ಕೆಲಸದಲ್ಲೇ ಸುಖ ಕಂಡವರಲ್ಲವೇ? ಇಂಥ ವಾದ ಮಾಡುವವರು ಆ ಹಾಡುಗಳನ್ನು ಕಿವಿಗೊಟ್ಟು ಕೇಳಿಲ್ಲ. ಹಲಸಂಗಿ ಗೆಳೆಯರು ಹಳ್ಳಿ ಹಳ್ಳಿ ಅಲೆದು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ತೆರೆದು ನೋಡಿ. ಅಲ್ಲಿ ತವರಿನ ಹಂಬಲ ಇದೆ, ಕರೆಯಲು ಬಾರದ ಅಣ್ಣನ ಮೇಲಿನ ಮುನಿಸು ಇದೆ, ಅತ್ತೆಮನೆಯ ಬೇಸರ ಇದೆ. ಹಗಲು ಯಾರ ಮುಂದೆಯೂ ಹೇಳಲಾಗದ್ದನ್ನು ನಸುಕಿನ ಕತ್ತಲಲ್ಲಿ ಕಲ್ಲಿಗೆ ಹೇಳಿಕೊಂಡರು. ನಾವು ಅದನ್ನು ಸುಖದ ಸಾಕ್ಷಿ ಮಾಡಿಕೊಂಡು ಕೂತಿದ್ದೇವೆ! ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಹಾಡಿನ ಆಸೆಗೆ ಬೀಸುಕಲ್ಲಿನ ಮುಂದೆ ಮತ್ತೆ ಕೂತ ಅಜ್ಜಿ ಎಷ್ಟು ಜನ ಸಿಗುತ್ತಾರೆ? ಹಾಡು ಹೋದರೆ ಹೋಗಲಿ ಎಂದು ಜೋಳದ ಚೀಲ ಹೊತ್ತು ಗಿರಣಿಯ ಪಾಳಿಗೆ ನಿಂತರು. ಅದು ಅವರ ತೀರ್ಪು. ಇಲ್ಲಿಯೇ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ ಆ ಕೈಚಳಕಕ್ಕೆ ನಾನೂ ಮಾರುಹೋಗಿದ್ದೇನೆ. ನನ್ನ ತಕರಾರು ಅದರ ಮುಂದೆ ಸೆಲ್ಫಿ ತೆಗೆದುಕೊಂಡು, ಆಗಿನ ಹೆಂಗಸರು ಎಷ್ಟು ಸುಖವಾಗಿದ್ದರು ಎಂದು ಬರೆದು ಹಾಕುವವರ ಮೇಲೆ. ಸಿಮೆಂಟಿನ ಸೊಂಟ ನೋಯುವುದಿಲ್ಲ.

ಸಂಪ್ರದಾಯ ಇಷ್ಟೊಂದು ಪ್ರೀತಿಯಾದರೆ ಅದರ ಪೂರ್ತಿ ಪಾಠ ಓದೋಣ. ಹಳೆಯ ಪಂಚಮಿ ಹೆಣ್ಣುಮಗಳಿಗೆ ಕೊಟ್ಟದ್ದು ರಜೆ. ಅಣ್ಣ ಕರೆಯಲು ಬರುತ್ತಿದ್ದ, ಅವಳು ತವರಿಗೆ ಹೋಗುತ್ತಿದ್ದಳು, ವಾರಗಟ್ಟಲೆ ಕೂತು ಉಣ್ಣುತ್ತಿದ್ದಳು, ಹುಣಸೆಮರದ ಟೊಂಗೆಗೆ ಕಟ್ಟಿದ ಜೋಕಾಲಿ ಮುಗಿಲಿಗೆ ಜೀಕುತ್ತಿದ್ದಳು. ಜೋಕಾಲಿಯ ಖುಷಿ ಸಣ್ಣದೇ? ಊರಿಗೆಲ್ಲ ಕೇಳುವ ಹಾಗೆ ಕೂಗಿ ಪಟ್ಟ ಖುಷಿ ಅದು. ಈಗ ಅಣ್ಣ ಬೆಳಿಗ್ಗೆ ಬೈಕಿನಲ್ಲಿ ಬಂದು ಉಂಡಿಯ ಡಬ್ಬಿ ಕೊಟ್ಟು ಮಧ್ಯಾಹ್ನ ಹೊರಡುತ್ತಾನೆ. ಮಕ್ಕಳ ಶಾಲೆ, ಗಂಡನ ಡ್ಯೂಟಿ, ಅತ್ತೆಯ ಬಿಪಿ. ಅವಳು ಹೋಗುವ ಹಾಗಿಲ್ಲ. ತವರಿನ ಜೋಕಾಲಿಯನ್ನು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಾರೆ. ಹೀಗೆ ರಜೆ ಕರಗುತ್ತ ಬಂದ ಹಾಗೆಲ್ಲ ಉಪದೇಶ ಬೆಳೆಯುತ್ತ ಬಂತು. ವಾರದ ಬಿಡುವು ಕಸಿದುಕೊಂಡು ಕೈಗೆ ಚಹಾದ ಹಬೆ ಕೊಟ್ಟರು. ಆ ತವರಿನ ದಿನಗಳಲ್ಲೂ ಅಲ್ಲಿಯ ಸೊಸೆ ಮಾತ್ರ ಅಡುಗೆಮನೆಯಲ್ಲೇ ಇದ್ದಳು, ಅವಳ ಲೆಕ್ಕ ಬೇರೆ ಇದೆ.

ಇನ್ನು ಸಂತೃಪ್ತಿಯ ಪ್ರವಚನ. ಶ್ರಾವಣದ ಸಂಜೆ ಮಠದಲ್ಲಿ ಪುರಾಣ ನಡೆಯುತ್ತದೆ, ಅಡುಗೆ ಮುಗಿಸಿ ಬಂದ ಹೆಂಗಸರು ಕಂಬಕ್ಕೆ ಒರಗಿ ತೂಕಡಿಸುತ್ತಿರುತ್ತಾರೆ, ಇದ್ದುದರಲ್ಲಿ ತೃಪ್ತಿ ಪಡಿರಿ ಎಂದು ಅವರಿಗೇ ಹೇಳಲಾಗುತ್ತದೆ. ಶರಣರ ಹೆಸರೂ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಹೆಸರೂ ಬರುತ್ತದೋ? ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ತಡೆದು, ಈ ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಅಂದವಳು. ಅವಳ ಸಂತೃಪ್ತಿಯ ಪಾಠ ಹೇಳಿದ್ದು ಹೆಚ್ಚು ಬಾಚಿಕೊಂಡವನಿಗೆ. ನಮ್ಮ ಕಾಲದ ಪಾಠ ಕಡಿಮೆ ಸಿಕ್ಕವಳಿಗೆ. ಬಿಡುವನ್ನೆಲ್ಲ ಬಾಚಿಕೊಂಡು ಕಟ್ಟೆಯ ಮೇಲೆ ಕೂತವರ ಕಡೆ ತಿರುಗಿ, ಹೆಚ್ಚಿನದನ್ನು ಮರಳಿಸಿ ಬನ್ನಿ ಎನ್ನುವ ಒಂದು ಪ್ರವಚನ ಈ ಸೀಮೆಯ ಯಾವ ಮಠದಲ್ಲಾದರೂ ನಡೆದರೆ ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ಉಪದೇಶಕರ ನಿಜವಾದ ಮುಖ ಬಯಲಾದದ್ದು 2023ರಲ್ಲಿ. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ಹೊಲ, ಮನೆ ಬಿಟ್ಟರೆ ಸಂತೆಯಷ್ಟೇ ಕಂಡಿದ್ದ ಹೆಂಗಸರು ಗುಂಪು ಕಟ್ಟಿಕೊಂಡು ಶಿರಸಿಯ ಮಾರಿಕಾಂಬೆಗೆ, ಸವದತ್ತಿಯ ಎಲ್ಲಮ್ಮನಿಗೆ ಹೊರಟರು. ಕಿಟಕಿಯ ಸೀಟು, ಗಾಳಿ, ಬುತ್ತಿ, ಗೆಳತಿಯರು. ಇದಕ್ಕಿಂತ ಸಣ್ಣ ಖುಷಿ ಉಂಟೇ? ಇದಕ್ಕಿಂತ ಮುಗ್ಧವಾದದ್ದು? ವಾಟ್ಸ್ಆಪ್ ತುಂಬ ಗೇಲಿ ಹರಿಯಿತು. ಮನೆಯಲ್ಲಿ ಗಂಡನಿಗೆ ಅನ್ನವಿಲ್ಲ, ಹೆಂಗಸರು ಊರು ಸುತ್ತುತ್ತಿದ್ದಾರೆ, ಬಸ್ಸಿನಲ್ಲಿ ಗಂಡಸರಿಗೆ ಜಾಗವಿಲ್ಲ. ಸಣ್ಣ ಖುಷಿ ಹುಡುಕಿಕೊಳ್ಳಿ ಎಂದವರೇ, ಹುಡುಕಲು ಹೊಸ್ತಿಲು ದಾಟಿದ ಕೂಡಲೇ ಹೌಹಾರಿದರು. ಹಾಗಾದರೆ ಅವರು ಹೇಳಿದ್ದು ಖುಷಿಯ ಮಾತಲ್ಲ. ಅಡುಗೆಮನೆ ಬಿಟ್ಟು ಕದಲಬೇಡ ಎಂಬ ಮಾತನ್ನೇ ನಯವಾಗಿ ಹೇಳಿದ್ದರು, ಅಷ್ಟೇ.

ಅವರಿಗೇ ಇದೆಲ್ಲ ಇಷ್ಟ, ನಮ್ಮವ್ವ ಒಂದು ದಿನವೂ ದೂರಲಿಲ್ಲ ಅನ್ನುವ ಮಾತು ಕೊನೆಗೆ ಬಂದೇ ಬರುತ್ತದೆ. ನಿಮ್ಮ ಮುಂದೆ ದೂರಲಿಲ್ಲ ಅನ್ನಿ. ದೂರಿದ್ದರೆ ನೀವೇನು ಎದ್ದು ಹೋಗಿ ಪಾತ್ರೆ ತಿಕ್ಕುತ್ತಿದ್ದಿರಾ? ಹುಬ್ಬಳ್ಳಿ, ಧಾರವಾಡದಲ್ಲಿ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳಿದ್ದಾರೆ, ಹಬ್ಬ ಬಂದರೆ ಉಂಡಿಯನ್ನೂ ಕಟ್ಟಿಕೊಡುತ್ತಾರೆ. ಅವರಿಂದ ಕೊಂಡು ತಂದರೆ ಎರಡು ಮನೆಯ ಹೆಂಗಸರಿಗೂ ಒಳಿತು. ತಂದು ನೋಡಿ, ಏನು ಕೇಳಬೇಕಾಗುತ್ತದೆ! ಮನೆಯ ರುಚಿ ಇಲ್ಲ, ಹಬ್ಬದ ಕಳೆ ಇಲ್ಲ, ಈಗಿನವರಿಗೆ ಮೈ ಬಗ್ಗುವುದಿಲ್ಲ. ಪೆಟ್ರೋಲು ಮನೆಯಲ್ಲಿ ತೆಗೆಯುವುದಿಲ್ಲ, ಅಂಗಿ ಮನೆಯಲ್ಲಿ ನೇಯುವುದಿಲ್ಲ, ಉಂಡಿ ಮಾತ್ರ ಮನೆಯಲ್ಲೇ ಆಗಬೇಕು. ಕೈ ಸುಟ್ಟುಕೊಂಡ ಗುರುತು ಇರದಿದ್ದರೆ ಇವರಿಗೆ ಸಿಹಿ ಹತ್ತುವುದೇ ಇಲ್ಲ.

ಹಾಗಾದರೆ ಮಾಡುವುದೇನು? ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1975ರ ಅಕ್ಟೋಬರ್ 24ರಂದು ಹೆಂಗಸರು ಒಂದು ದಿನ ರಜೆ ಹಾಕಿದರು. ಕಚೇರಿಗೂ ಹೋಗಲಿಲ್ಲ, ಅಡುಗೆಯನ್ನೂ ಮಾಡಲಿಲ್ಲ, ಮಕ್ಕಳನ್ನೂ ನೋಡಿಕೊಳ್ಳಲಿಲ್ಲ. ಹತ್ತರಲ್ಲಿ ಒಂಬತ್ತು ಜನ ಹೊರಬಂದರು. ಗಂಡಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದರು, ಸುಲಭಕ್ಕೆ ಬೇಯುವ ಸಾಸೇಜು ಅಂಗಡಿಗಳಲ್ಲಿ ಖಾಲಿಯಾಯಿತು. ಮರುವರ್ಷವೇ ಅಲ್ಲಿಯ ಸಂಸತ್ತು ಸಮಾನತೆಯ ಕಾಯಿದೆ ತಂದಿತು; 1980ರಲ್ಲಿ ಆ ದೇಶ ಒಬ್ಬ ಹೆಣ್ಣುಮಗಳನ್ನು ಅಧ್ಯಕ್ಷೆಯಾಗಿ ಆರಿಸಿತು. ಅವರು ಶೂನ್ಯದಿಂದ ಶುರುಮಾಡಬೇಕಾಯಿತು. ನಮಗೆ ಹಂಚು ಇಳಿಸುವ ಪಂಚಮಿ ಇದೆ, ನೊಗ ಇಳಿಸುವ ಸೋಮವಾರ ಇದೆ. ಆಚಾರ ಕೈಯಲ್ಲೇ ಇದೆ, ಅದನ್ನು ಮನುಷ್ಯರಿಗೆ ಅನ್ವಯಿಸುವುದೊಂದೇ ಬಾಕಿ.

2026ರ ನಾಗರ ಪಂಚಮಿ ಆಗಸ್ಟ್ 17ಕ್ಕೆ, ಸೋಮವಾರವೇ ಬರುತ್ತದೆ. ಅಲ್ಲಿಂದ ಶುರು ಮಾಡೋಣ. ಶ್ರಾವಣದ ಪ್ರತಿ ಸೋಮವಾರ ಮನೆಯ ಹೆಂಗಸರು ಒಲೆ ಮುಟ್ಟುವುದಿಲ್ಲ ಎಂದು ತಡಸದಲ್ಲಿ, ಶಿಗ್ಗಾವಿಯಲ್ಲಿ, ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ ಓಣಿ ಓಣಿಯ ಹಿರಿಯರು ಕೂತು ಠರಾವು ಮಾಡಲಿ. ಒಪ್ಪತ್ತು ಇದ್ದ ಗಂಡಸು ತನ್ನ ಒಪ್ಪತ್ತಿನ ಅಡುಗೆ ತಾನೇ ಮಾಡಿಕೊಳ್ಳಲಿ. ಉಪವಾಸದ ಪುಣ್ಯವೂ ಅವನದೇ, ಪಾತ್ರೆಯೂ ಅವನದೇ. ವರ್ಷವಿಡೀ ದಾಸೋಹ ನಡೆಸುವ ಮಠಗಳಿಗೆ ದೊಡ್ಡ ಹಂಡೆಗಳಿವೆ, ನುರಿತ ಅಡುಗೆಯವರಿದ್ದಾರೆ. ಆ ಸೋಮವಾರಗಳಂದು ಊರಿಗೇ ಬಡಿಸಲಿ, ಪುರಾಣಕ್ಕೆ ಬಂದ ಹೆಂಗಸರು ಉಂಡು ಬಂದು ಎಚ್ಚರವಾಗಿ ಕೂತು ಕೇಳಲಿ. ಕಳೆಗೆ ಕರೆಯುವ ಹೊಲದ ಯಜಮಾನರು ಪಂಚಮಿಯ ದಿನ ಮತ್ತು ಅದರ ಹಿಂದಿನ ದಿನ ಪಗಾರ ಕೊಟ್ಟು ರಜೆ ಬಿಡಲಿ. ಜೋಕಾಲಿ ಕಟ್ಟುವವರು ಸೊಸೆಯಂದಿರಿಗೂ ಪಾಳಿ ಇಡಲಿ. ಶೇಂಗಾ ಹುರಿಯುವುದು, ಸಿಪ್ಪೆ ಕೇರುವುದು, ಆಣ ನೋಡುವುದು, ಬಿಸಿ ಉಂಡಿ ಒತ್ತುವುದು ಒಂದು ವರ್ಷ ಗಂಡಸರ ಪಾಲಿಗೆ ಬರಲಿ. ಬೇಡವೆಂದರೆ ದುಡ್ಡು ಕೊಟ್ಟು ಕೊಂಡು ತರಲಿ, ತಂದ ಮೇಲೆ ರುಚಿಯ ಬಗ್ಗೆ ಚಕಾರ ಎತ್ತದಿರಲಿ.

ಅಲ್ಲಿಯವರೆಗೆ ಸಣ್ಣ ಖುಷಿಯ ಲೇಖನ ಬರೆಯುವವರು, ರೀಲ್ ಮಾಡುವವರು, ಪೀಠದ ಮೇಲಿಂದ ಬೋಧಿಸುವವರು ಈ ಶ್ರಾವಣ ಬಾಯಿಗೆ ಒಪ್ಪತ್ತು ಹಿಡಿಯಲಿ. ನಾವು ಹೆಂಗಸರೂ ಅವರಿಗೆ ಚಹಾ ಮಾಡಿಕೊಡುವುದನ್ನು ನಿಲ್ಲಿಸೋಣ. ಬಂದವರಿಗೆ ಅಡುಗೆಮನೆಯ ದಾರಿ ತೋರಿಸಿ, ಬೆಲ್ಲ ಯಾವ ಡಬ್ಬಿಯಲ್ಲಿದೆ ಹೇಳಿ, ಮಧ್ಯಾಹ್ನದ ಶಿರಸಿ ಬಸ್ಸು ಹತ್ತೋಣ.